ಬ್ಯಾಕಪ್ಪಿನಲ್ಲಿ ಗ್ರಾಹ್ಯ–ತ್ಯಾಜ್ಯ ವಿವೇಚನೆ

೧

ಕಂಪ್ಯೂಟರಿನಲ್ಲಿರುವ ಕಡತಗಳಿಗೆ ಬೇರೊಂದೆಡೆಯಲ್ಲಿ ಪ್ರತಿ ಮಾಡಿಟ್ಟುಕೊಳ್ಳುವ ಕ್ರಮಕ್ಕೆ ಬ್ಯಾಕಪ್ ಎಂದು ಹೆಸರು. ಡಿಸ್ಕು ಕೆಟ್ಟಾಗ, ಯಂತ್ರ ಕಳುವಾದಾಗ, ಅಥವಾ ಕೈತಪ್ಪಿ ಕಡತವೊಂದು ಅಳಿಸಿಹೋದಾಗ ಈ ಪ್ರತಿಯಿಂದ ಮೂಲವನ್ನು ಮರಳಿ ಪಡೆಯಬಹುದೆಂಬುದು ಎಲ್ಲರೂ ಬಲ್ಲ ಸಂಗತಿ. ಪ್ರತಿಗಳು ಎಷ್ಟಿರಬೇಕು, ಎಲ್ಲಿರಬೇಕು ಎಂಬ ವಿಷಯದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದಾದರೂ ಬೇರೆ ಕಟ್ಟಡದಲ್ಲಿರಬೇಕು ಎಂಬ ಸೂತ್ರ ಈಗ ವಿದ್ಯಾರ್ಥಿಗಳ ಬಾಯಲ್ಲಿಯೂ ಕೇಳಿಬರುತ್ತದೆ. ಆದರೆ ಪ್ರತಿ ಮಾಡಬೇಕಾದದ್ದು ಯಾವುದನ್ನು, ಬಿಡಬೇಕಾದದ್ದು ಯಾವುದನ್ನು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಂತೆ ಕಾಣುವುದಿಲ್ಲ. ಬ್ಯಾಕಪ್ ತಂತ್ರಾಂಶವನ್ನು ಮೊದಲ ದಿನ ಅಣಿಗೊಳಿಸುವಾತನು ಅವಸರದಲ್ಲಿ ನಾಲ್ಕು ಸಾಲು ನಿಯಮಗಳನ್ನು ಬರೆದು ಎದ್ದುಹೋಗುತ್ತಾನೆ. ಆ ನಾಲ್ಕು ಸಾಲು ವರ್ಷಗಟ್ಟಲೆ, ಪ್ರತಿರಾತ್ರಿಯೂ, ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡುತ್ತಿರುತ್ತದೆ. ಆ ನಿಯಮಗಳ ಸ್ವರೂಪವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಭಾಷೆ, ಸಾಹಿತ್ಯ, ಇತಿಹಾಸಗಳ ವಿಭಾಗಗಳಿಗೆ ಈ ವಿಷಯ ದೂರದ್ದೆಂದು ಯಾರೂ ಭಾವಿಸಬಾರದು. ಉಪಭಾಷೆಗಳ ಧ್ವನಿಮುದ್ರಣ, ಓಲೆಗರಿಗಳ ಛಾಯಾಚಿತ್ರ, ಶಾಸನಗಳ ಪಡಿಯಚ್ಚು, ಸಂಶೋಧಕರ ಟಿಪ್ಪಣಿಗಳು, ಇವೆಲ್ಲ ಈಗ ಕಡತಗಳ ರೂಪದಲ್ಲಿಯೇ ಇವೆ. ಅವುಗಳಲ್ಲಿ ಅನೇಕವನ್ನು ಎರಡನೆಯ ಬಾರಿ ಪಡೆಯಲಾಗದು. ಹತ್ತು ವರ್ಷಗಳ ಹಿಂದೆ ತನ್ನ ಊರಿನ ಮಾತಿನಲ್ಲಿ ಕಥೆ ಹೇಳಿದ ವೃದ್ಧೆ ಇಂದು ಬದುಕಿರಲಿಕ್ಕಿಲ್ಲ. ಛಾಯಾಚಿತ್ರ ತೆಗೆದ ಮೇಲೆ ಓಲೆಯ ಕಟ್ಟು ಹುಳು ತಿಂದು ಪುಡಿಯಾಗಿರಬಹುದು. ಪೊನ್ನನ ಭುವನೈಕರಾಮಾಭ್ಯುದಯ ನಮಗೆ ಇಡಿಯಾಗಿ ಸಿಕ್ಕಿಲ್ಲ. ಪ್ರತಿಕಾರರ ಕೈಗೆ ಬಂದ ಗ್ರಂಥ ಉಳಿಯಿತು, ಬಾರದ ಗ್ರಂಥ ಹೋಯಿತು. ಆಗ ಆಯ್ಕೆ ಮಾಡುತ್ತಿದ್ದವರು ಮನುಷ್ಯರು. ಈಗ ಆ ಕೆಲಸವನ್ನು ನಿಯಮಗಳ ಒಂದು ಪಟ್ಟಿಗೆ ಒಪ್ಪಿಸಿದ್ದೇವೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆಯ್ಕೆಯಲ್ಲಿ ಆಗಬಹುದಾದ ದೋಷಗಳು ಎರಡು. ಬಿಡಬೇಕಾಗಿದ್ದುದನ್ನು ಸೇರಿಸುವುದು ಒಂದು, ಸೇರಿಸಬೇಕಾಗಿದ್ದುದನ್ನು ಬಿಡುವುದು ಇನ್ನೊಂದು. ಇವೆರಡೂ ಸಮಾನವಲ್ಲ. ಮೊದಲನೆಯದರಿಂದ ಡಿಸ್ಕಿನಲ್ಲಿ ಸ್ವಲ್ಪ ಸ್ಥಳ, ರಾತ್ರಿಯಲ್ಲಿ ಸ್ವಲ್ಪ ಹೊತ್ತು ವ್ಯರ್ಥವಾಗುತ್ತದೆ. ಅದೂ ಬೇಗನೆ ಗೊತ್ತಾಗುತ್ತದೆ, ಏಕೆಂದರೆ ತುಂಬಿದ ಡಿಸ್ಕು ತಾನಾಗಿ ದೂರು ಹೇಳುತ್ತದೆ. ಎರಡನೆಯದು ಮೌನದ ದೋಷ. ಬಿಡು ಎಂದು ಹೇಳಿಸಿಕೊಂಡದ್ದನ್ನು ತಂತ್ರಾಂಶ ಬಿಟ್ಟಿತು, ಹೇಳಿದ ಕೆಲಸವನ್ನು ಮಾಡಿ ಮುಗಿಸಿತು. ಆದುದರಿಂದ ಪ್ರತಿದಿನ ಬೆಳಗ್ಗೆ ‘ಯಶಸ್ವಿಯಾಗಿ ಮುಗಿದಿದೆ’ ಎಂದೇ ವರದಿ ಮಾಡುತ್ತದೆ. ಕೊರತೆ ತಿಳಿಯುವುದು ಮೂಲ ನಾಶವಾಗಿ ಪ್ರತಿಯನ್ನು ಹುಡುಕಿಕೊಂಡು ಹೋದ ದಿನ. ಮುಂದೆ ಬರುವ ವಿವರಗಳನ್ನೆಲ್ಲ ಈ ಅಸಮಾನತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕೆಂದು ವಾಚಕರಲ್ಲಿ ಕೇಳಿಕೊಳ್ಳುತ್ತೇವೆ.

೨

ಹಾಗಾದರೆ ಏನನ್ನೂ ಬಿಡದೆ ಎಲ್ಲವನ್ನೂ ಪ್ರತಿ ಮಾಡಬಾರದೇಕೆ? ಸಾಧ್ಯವಿರುವೆಡೆಯಲ್ಲಿ ಅದೇ ಉತ್ತಮ. ಆದರೆ ಅದಕ್ಕೆ ಅಡ್ಡಿಗಳುಂಟು. ಸೆಕೆಂಡಿಗೆ ೧೦೦ ಮೆಗಾಬಿಟ್ ವೇಗದ ಸಂಪರ್ಕದ ಮೂಲಕ ಒಂದು ಟೆರಾಬೈಟನ್ನು ದೂರದ ಸರ್ವರಿಗೆ ಕಳುಹಿಸಲು ಸಂಪರ್ಕ ಎಲ್ಲಿಯೂ ತಡೆಯದಿದ್ದರೂ ೮೦,೦೦೦ ಸೆಕೆಂಡು, ಎಂದರೆ ೨೨ ಗಂಟೆಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಒಂದು ರಾತ್ರಿಯಲ್ಲಿ ಅದು ಮುಗಿಯುವ ಕೆಲಸವಲ್ಲ. ಇನ್ನು ಕೆಲವು ಕಡತಗಳು ಹೆಸರಿಗೆ ಮಾತ್ರ ಕಡತಗಳು. ಲಿನಕ್ಸ್ ವ್ಯವಸ್ಥೆಯಲ್ಲಿ ‘/ಪ್ರಾಕ್’ ಎಂಬ ಕೋಶವಿದೆ (ಫೋಲ್ಡರು ಎಂದು ರೂಢಿಯಲ್ಲಿರುವುದನ್ನು ಇಲ್ಲಿ ಕೋಶವೆಂದು ಕರೆದಿದ್ದೇವೆ). ಅದರಲ್ಲಿ ಕಾಣುವುದೆಲ್ಲ ಚಾಲನೆಯಲ್ಲಿರುವ ಯಂತ್ರದ ಸ್ಥಿತಿಯ ಪ್ರತಿಬಿಂಬವೇ ಹೊರತು ಡಿಸ್ಕಿನ ಮೇಲಿರುವ ವಸ್ತುವಲ್ಲ. ಅಲ್ಲಿರುವ ಒಂದು ಕಡತದ ಗಾತ್ರ ಈಗಿನ ೬೪ ಬಿಟ್ಟಿನ ಸಾಧಾರಣ ಯಂತ್ರಗಳಲ್ಲಿ ೧೨೮ ಟೆರಾಬೈಟೆಂದು ತೋರುತ್ತದೆ. ಅದನ್ನು ಪ್ರತಿ ಮಾಡಹೊರಟವನ ಪಾಡನ್ನು ಊಹಿಸಬಹುದು. ಪ್ರತಿಗಳನ್ನು ಇಡುವ ಕೋಶವೇ ಪ್ರತಿ ಮಾಡಬೇಕಾದ ಕೋಶದ ಒಳಗಿದ್ದರೆ ಪ್ರತಿಯ ಪ್ರತಿ, ಅದರ ಪ್ರತಿ ಎಂದು ಬೆಳೆಯುತ್ತ ಹೋಗುವ ಅನವಸ್ಥೆಯೂ ಉಂಟಾಗುತ್ತದೆ. ಹೀಗೆ ಕೆಲವನ್ನು ಬಿಡುವುದು ಅನಿವಾರ್ಯ.

ಬಿಡುವುದಕ್ಕೆ ಮಾನದಂಡ ಯಾವುದು? ರೂಢಿಯಲ್ಲಿ ಜನ ಗಾತ್ರವನ್ನೋ ಕಡತದ ಜಾತಿಯನ್ನೋ ನೋಡುತ್ತಾರೆ. ‘ದೊಡ್ಡ ಕಡತಗಳನ್ನು ಬಿಡು’, ‘ಧ್ವನಿಯ ಕಡತಗಳನ್ನು ಬಿಡು’ ಎಂಬ ನಿಯಮಗಳು ಬರೆಯಲು ಸುಲಭ. ಅವು ತಪ್ಪು ದಾರಿಯೆಂದು ನಮ್ಮ ಅಭಿಪ್ರಾಯ. ಕೇಳಬೇಕಾದ ಪ್ರಶ್ನೆ ಒಂದೇ: ಈ ಕಡತ ಹೋದರೆ ಬೇರೆ ಯಾವುದರಿಂದಲಾದರೂ ಇದನ್ನು ಮತ್ತೆ ಉಂಟುಮಾಡಬಹುದೇ?

ಧ್ವನಿಮುದ್ರಣದ ಉದಾಹರಣೆಯನ್ನು ನೋಡೋಣ. ಸೆಕೆಂಡಿಗೆ ೪೮,೦೦೦ ಮಾದರಿಗಳಂತೆ, ಒಂದೊಂದು ಮಾದರಿಗೆ ೨೪ ಬಿಟ್ಟುಗಳಂತೆ, ಎರಡು ವಾಹಿನಿಗಳಲ್ಲಿ ಒಂದು ಗಂಟೆಯ ಮಾತನ್ನು ಸಂಕೋಚಿಸದೆ ಮುದ್ರಿಸಿದರೆ ಸುಮಾರು ೧೦೪ ಕೋಟಿ ಬೈಟು ಆಗುತ್ತದೆ; ಇದು ವೇವ್ ಕಡತ. ಕೇಳಲು ಅನುಕೂಲವಾಗಲೆಂದು ಇದರಿಂದ ಸೆಕೆಂಡಿಗೆ ೧೨೮ ಕಿಲೊಬಿಟ್ಟಿನ ಎಂಪಿ೩ ಕಡತವನ್ನು ಮಾಡಿಕೊಳ್ಳುವುದುಂಟು. ಅದು ೫ ಕೋಟಿ ೭೬ ಲಕ್ಷ ಬೈಟು, ಎಂದರೆ ಮೂಲದ ಹದಿನೆಂಟರಲ್ಲಿ ಒಂದು ಪಾಲು. ಗಾತ್ರವನ್ನು ನೋಡಿದವನು ವೇವನ್ನು ಬಿಟ್ಟು ಎಂಪಿ೩ಯನ್ನು ಉಳಿಸುತ್ತಾನೆ. ಆದರೆ ವೇವಿನಿಂದ ಎಂಪಿ೩ಯನ್ನು ಎಷ್ಟು ಬಾರಿ ಬೇಕಾದರೂ ಮಾಡಬಹುದು. ಎಂಪಿ೩ಯಿಂದ ವೇವ್ ಹಿಂದಿರುಗುವುದಿಲ್ಲ, ಸಂಕೋಚನದಲ್ಲಿ ಕಳೆದ ಸೂಕ್ಷ್ಮಾಂಶಗಳು ಕಳೆದೇ ಹೋದವು. ಧ್ವನಿವಿಜ್ಞಾನಿಗೆ ಬೇಕಾದ ವಿವರಗಳು ಅವುಗಳಲ್ಲಿಯೂ ಇರಬಹುದು. ಆದ್ದರಿಂದ ಗ್ರಾಹ್ಯವಾದದ್ದು ದೊಡ್ಡ ಕಡತ, ತ್ಯಾಜ್ಯವಾದದ್ದು ಚಿಕ್ಕದು. ಧ್ವನಿಯೊಡನೆ ಕಾಲಸಹಿತವಾಗಿ ಜೋಡಿಸಿ ಬರೆದ ಲಿಪ್ಯಂತರದ ಕಡತವೂ ಚಿಕ್ಕದೇ. ಆದರೆ ಅದು ತಿಂಗಳುಗಟ್ಟಲೆ ಕಿವಿಗೊಟ್ಟು ಕುಳಿತವರ ದುಡಿಮೆ, ಅದನ್ನು ಬಿಡುವ ಪ್ರಶ್ನೆಯೇ ಇಲ್ಲ.

‘ಮತ್ತೆ ಮಾಡಬಹುದು’ ಎಂಬ ಮಾತಿಗೂ ಮಿತಿಯಿದೆ. ಮೂರು ವಾರ ಎಡೆಬಿಡದೆ ನಡೆದ ಗಣನೆಯ ಫಲವನ್ನು ತತ್ತ್ವತಃ ಮತ್ತೆ ಪಡೆಯಬಹುದು. ಆದರೆ ಅದಕ್ಕೆ ಅದೇ ತಂತ್ರಾಂಶ, ಅದರ ಅದೇ ಆವೃತ್ತಿ, ಅದೇ ಆಧಾರಸಾಮಗ್ರಿ ಇರಬೇಕು. ಇವುಗಳಲ್ಲಿ ಒಂದು ಇಲ್ಲವಾದರೂ ಮಾತು ಸುಳ್ಳಾಗುತ್ತದೆ. ಇದಕ್ಕೆ ಕನ್ನಡಿಗರಿಗೆ ತೀರ ಹತ್ತಿರದ ನಿದರ್ಶನವೊಂದಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಸಹಸ್ರಾರು ಪುಟಗಳು ನಮ್ಮ ವಿಭಾಗಗಳಲ್ಲಿವೆ. ಅವುಗಳಲ್ಲಿ ಕನ್ನಡ ಅಕ್ಷರಗಳು ಕಾಣುವುದು ಆಯಾ ತಂತ್ರಾಂಶದ ಅಕ್ಷರವಿನ್ಯಾಸದ ಕಡತ, ಎಂದರೆ ಫಾಂಟು, ಯಂತ್ರದಲ್ಲಿದ್ದಾಗ ಮಾತ್ರ. ಇಲ್ಲವಾದರೆ ಕಣ್ಣಿಗೆ ಬೀಳುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂದಲ. ಫಾಂಟುಗಳಿರುವುದು ವ್ಯವಸ್ಥೆಯ ಕೋಶದಲ್ಲಿ. ವ್ಯವಸ್ಥೆಯ ಕೋಶವನ್ನಾದರೋ ‘ಹೇಗೂ ಮತ್ತೆ ಅಳವಡಿಸಬಹುದು’ ಎಂಬ ಕಾರಣದಿಂದ ಎಲ್ಲರೂ ಬಿಡುತ್ತಾರೆ. ಲೇಖನ ಉಳಿಯಿತು, ಲಿಪಿ ಹೋಯಿತು. ಇಂತಹ ಫಾಂಟುಗಳನ್ನು, ಅವುಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು, ಬರಹಗಳೊಡನೆಯೇ ಒಂದು ಕೋಶದಲ್ಲಿಟ್ಟು ಸೇರಿಸಿಕೊಳ್ಳುವುದು ಕ್ಷೇಮ.

ನಿಸ್ಸಂದೇಹವಾಗಿ ಬಿಡಬಹುದಾದದ್ದೂ ಉಂಟು. ಜಾಲತಾಣಗಳನ್ನು ತೋರಿಸುವ ತಂತ್ರಾಂಶಗಳು ತಮ್ಮ ಅನುಕೂಲಕ್ಕಾಗಿ ಕೂಡಿಹಾಕಿಕೊಳ್ಳುವ ಕ್ಯಾಶೆ ಎಂಬ ತಾತ್ಕಾಲಿಕ ಸಂಗ್ರಹ, ಅಳಿಸಿದ ಕಡತಗಳ ಬುಟ್ಟಿ, ಛಾಯಾಚಿತ್ರಗಳ ಚಿಕ್ಕ ಪ್ರತಿಮೆಗಳು ಈ ವರ್ಗದವು. ಕ್ಯಾಶೆಯ ವಿಷಯದಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ. ಅಂತಹ ಕೋಶವನ್ನು ನಿರ್ಮಿಸುವ ತಂತ್ರಾಂಶವೇ ಅದರೊಳಗೆ ‘ಕ್ಯಾಶೆಡಿರ್ ಟ್ಯಾಗ್’ ಎಂಬ ಹೆಸರಿನ ಪುಟ್ಟ ಕಡತವೊಂದನ್ನಿಟ್ಟು, ಅದರ ಮೊದಲ ೪೩ ಬೈಟುಗಳಲ್ಲಿ ಗೊತ್ತುಪಡಿಸಿದ ಗುರುತನ್ನು ಬರೆಯುತ್ತದೆ. ಟಾರ್, ಬೋರ್ಗ್, ರೆಸ್ಟಿಕ್ ಮೊದಲಾದ ಸಾಧನಗಳಿಗೆ ಆಜ್ಞೆ ಕೊಟ್ಟರೆ ಅವು ಗುರುತಿರುವ ಕೋಶದ ಒಳವಸ್ತುವನ್ನು ಬಿಟ್ಟು ಮುಂದೆ ಹೋಗುತ್ತವೆ. ಇಲ್ಲಿ ತ್ಯಾಜ್ಯವೆಂದು ಹೇಳುವವನು ಹೊರಗಿನ ನಿಯಮಕಾರನಲ್ಲ, ಆ ಕಡತಗಳನ್ನು ಹುಟ್ಟಿಸಿದ ತಂತ್ರಾಂಶವೇ. ಹೆಸರನ್ನು ನೋಡಿ ಊಹಿಸುವುದಕ್ಕಿಂತ ಇದು ಎಷ್ಟೋ ಮೇಲು.

೩

ಈಗ ನಿಯಮಗಳ ವ್ಯಾಕರಣಕ್ಕೆ ಬರೋಣ. ವ್ಯಾಕರಣವೆಂಬ ಮಾತನ್ನು ಅಲಂಕಾರಕ್ಕಾಗಿ ಬಳಸಿಲ್ಲ. ಸಾಮಾನ್ಯ ವಿಧಿಗೂ ಅದರ ಅಪವಾದಕ್ಕೂ ಇರುವ ಸಂಬಂಧ, ಎರಡು ವಿಧಿಗಳು ಒಂದೇ ಸ್ಥಳದಲ್ಲಿ ಪ್ರಾಪ್ತವಾದಾಗ ಯಾವುದು ಬಲವತ್ತರವೆಂಬ ನಿರ್ಣಯ, ಇವು ಪಾಣಿನಿಯನ್ನು ಓದಿದವರಿಗೆ ಪರಿಚಿತವಾದ ಪ್ರಶ್ನೆಗಳು. ಸಮಬಲದ ಎರಡು ಸೂತ್ರಗಳಿಗೆ ವಿರೋಧ ಬಂದರೆ ಪಾಠಕ್ರಮದಲ್ಲಿ ಮುಂದೆ ಬರುವ ಸೂತ್ರವೇ ಪ್ರವರ್ತಿಸಬೇಕೆಂದು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ವಿಧಿಸಲಾಗಿದೆ; ಅಪವಾದವಾದರೋ ಎಲ್ಲಿದ್ದರೂ ಉತ್ಸರ್ಗವನ್ನು ಬಾಧಿಸುತ್ತದೆ. ಬ್ಯಾಕಪ್ ಸಾಧನಗಳನ್ನು ರಚಿಸಿದವರೂ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಕಷ್ಟವೆಂದರೆ ಎಲ್ಲರೂ ಒಂದೇ ಉತ್ತರವನ್ನು ಕೊಟ್ಟಿಲ್ಲ.

ಆರ್‌ಸಿಂಕ್ ಎಂಬ ಸಾಧನವನ್ನು ತೆಗೆದುಕೊಳ್ಳೋಣ. ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಇದನ್ನು ರೂಪಿಸಿ ೧೯೯೬ರಲ್ಲಿ ಪ್ರಕಟಿಸಿದರು. ಟ್ರಿಜೆಲ್ಲರ ೧೯೯೯ರ ಡಾಕ್ಟರೇಟ್ ಪ್ರಬಂಧದಲ್ಲಿ ಇದರ ಗಣಿತಕ್ರಮದ ವಿವರಣೆಯಿದೆ. ಎರಡು ಯಂತ್ರಗಳಲ್ಲಿರುವ ಕಡತಗಳ ನಡುವೆ ವ್ಯತ್ಯಾಸವಿರುವ ಭಾಗವನ್ನು ಮಾತ್ರ ಸಾಗಿಸುವುದು ಇದರ ವೈಶಿಷ್ಟ್ಯ. ಇದರಲ್ಲಿ ಸೇರಿಸುವ ನಿಯಮಕ್ಕೆ ಕೂಡುವ ಚಿಹ್ನೆ, ಬಿಡುವ ನಿಯಮಕ್ಕೆ ಕಳೆಯುವ ಚಿಹ್ನೆ. ಒಂದೊಂದು ಕಡತದ ಹೆಸರನ್ನೂ ತೆಗೆದುಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದು, ಮೊದಲು ಹೊಂದಿದ ನಿಯಮವನ್ನೇ ಸಾಧನವು ಅನ್ವಯಿಸುತ್ತದೆ. ಅದರ ಕೆಳಗಿರುವವನ್ನು ನೋಡುವುದೇ ಇಲ್ಲ. ಯಾವುದೂ ಹೊಂದದಿದ್ದರೆ ಕಡತ ಸೇರುತ್ತದೆ. ಎಂದ ಮೇಲೆ ಇಲ್ಲಿ ಪೂರ್ವವೇ ಬಲವತ್ತರ. ಅಪವಾದವನ್ನು ಉತ್ಸರ್ಗಕ್ಕಿಂತ ಮೇಲೆ ಬರೆಯಬೇಕು. ರೆಸ್ಟಿಕ್ ಎಂಬ ಸಾಧನದಲ್ಲಿ ಬಿಡುವ ಮಾದರಿಗಳ ಪಟ್ಟಿಯ ನಡುವೆ ಉದ್ಗಾರ ಚಿಹ್ನೆಯಿಂದ ಮೊದಲಾಗುವ ಸಾಲನ್ನು ಬರೆದರೆ, ಹಿಂದಿನ ಸಾಲುಗಳಿಂದ ಬಿಟ್ಟುಹೋದ ಕಡತ ಮತ್ತೆ ಸೇರುತ್ತದೆ. ಅಲ್ಲಿ ಅಪವಾದ ಕೆಳಗಿರಬೇಕು, ಪರವೇ ಬಲವತ್ತರ. ಬೋರ್ಗಿನಲ್ಲಿ ಅದೇ ಉದ್ಗಾರ ಚಿಹ್ನೆಗೆ ‘ಬಿಡು, ಈ ಕೋಶದ ಒಳಗೂ ಇಳಿಯಬೇಡ’ ಎಂಬ ನೇರ ವಿರುದ್ಧಾರ್ಥ! ಒಂದು ಸಾಧನಕ್ಕೆ ಬರೆದ ಪಟ್ಟಿಯನ್ನು ಇನ್ನೊಂದಕ್ಕೆ ಕೊಟ್ಟರೆ ಏನಾದೀತೆಂಬುದನ್ನು ಇದರಿಂದ ತಿಳಿಯಬಹುದು.

ಕ್ರಮಕ್ಕಿಂತ ಹೆಚ್ಚಾಗಿ ಜನರನ್ನು ಮೋಸಗೊಳಿಸುವುದು ಇನ್ನೊಂದು ಸಂಗತಿ. ಆರ್‌ಸಿಂಕ್ ಕೋಶಗಳನ್ನು ಮೇಲಿನಿಂದ ಒಂದೊಂದಾಗಿ ಇಳಿಯುತ್ತದೆ. ತಾಯಿಕೋಶವನ್ನು ಬಿಡುವ ನಿಯಮ ಹೊಂದಿತೆಂದರೆ ಅದರ ಬಾಗಿಲನ್ನೇ ತೆರೆಯುವುದಿಲ್ಲ. ಒಳಗಿರುವ ಕಡತವನ್ನು ಸೇರಿಸಬೇಕೆಂಬ ನಿಯಮ ಪಟ್ಟಿಯ ಮೊದಲಲ್ಲೇ ಇದ್ದರೂ ಅದಕ್ಕೆ ಕೆಲಸವೇ ಬೀಳುವುದಿಲ್ಲ. ಕ್ಷೇತ್ರಕಾರ್ಯದ ಸಾಮಗ್ರಿಯಲ್ಲಿ ಧ್ವನಿಯನ್ನು ಮಾತ್ರ ಉಳಿಸಿ ಉಳಿದುದನ್ನೆಲ್ಲ ಬಿಡಬೇಕೆಂದು ಒಬ್ಬನು ಹೀಗೆ ಬರೆದನೆಂದಿಟ್ಟುಕೊಳ್ಳೋಣ:

+ /ಕ್ಷೇತ್ರ/ಧ್ವನಿ/
- *

ಓದುವುದಕ್ಕೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಸಾಧನವು ಮೊದಲು ಎದುರಿಸುವುದು ‘ಕ್ಷೇತ್ರ’ ಎಂಬ ಕೋಶವನ್ನು. ಮೊದಲನೆಯ ಸಾಲು ಅದಕ್ಕೆ ಹೊಂದುವುದಿಲ್ಲ, ಎರಡನೆಯದು ಹೊಂದುತ್ತದೆ. ಕೋಶ ಹೊರಗುಳಿಯಿತು, ಅದರೊಡನೆ ಧ್ವನಿಯೂ ಹೊರಗುಳಿಯಿತು. ಒಂದು ಕಡತವೂ ಸೇರುವುದಿಲ್ಲ, ದೋಷದ ಸೂಚನೆಯೂ ಬರುವುದಿಲ್ಲ. ಸರಿಯಾದ ರೂಪದಲ್ಲಿ ದಾರಿಯ ಒಂದೊಂದು ಮೆಟ್ಟಿಲನ್ನೂ ಹೇಳಬೇಕು:

+ /ಕ್ಷೇತ್ರ/
+ /ಕ್ಷೇತ್ರ/ಧ್ವನಿ/
+ /ಕ್ಷೇತ್ರ/ಧ್ವನಿ/**
- *

ರೆಸ್ಟಿಕ್ಕಿನಲ್ಲಿಯೂ ತಾಯಿಕೋಶವನ್ನು ಬಿಟ್ಟ ಮೇಲೆ ಒಳಗಿನ ಕಡತವನ್ನು ಮತ್ತೆ ಸೇರಿಸಲು ಬರುವುದಿಲ್ಲ.

ಚಿಹ್ನೆಗಳ ಅರ್ಥವನ್ನೂ ಇಲ್ಲಿಯೇ ಹೇಳಿಬಿಡಬಹುದು. ಒಂದು ನಕ್ಷತ್ರ ಹೆಸರಿನ ಯಾವ ಭಾಗಕ್ಕಾದರೂ ಹೊಂದುತ್ತದೆ, ಆದರೆ ಕೋಶಗಳನ್ನು ಬೇರ್ಪಡಿಸುವ ಓರೆಗೆರೆಯನ್ನು ದಾಟುವುದಿಲ್ಲ. ಎರಡು ನಕ್ಷತ್ರಗಳು ದಾಟುತ್ತವೆ. ಮಾದರಿಯ ಕೊನೆಯಲ್ಲಿ ಓರೆಗೆರೆಯಿದ್ದರೆ ಅದು ಕೋಶಕ್ಕೆ ಮಾತ್ರ ಸಲ್ಲುತ್ತದೆ. ಮೊದಲಲ್ಲಿದ್ದರೆ ಮಾದರಿಯನ್ನು ಬೇರಿಗೆ ಕಟ್ಟಿದಂತೆ; ಬೇರೆಂದರೆ ಡಿಸ್ಕಿನ ಬೇರಲ್ಲ, ಪ್ರತಿ ಮಾಡಲು ತೊಡಗಿದ ಕೋಶದ ಬೇರು. ಅನೇಕರು ಇಲ್ಲಿ ಎಡವುತ್ತಾರೆ. ಓರೆಗೆರೆಯೇ ಇಲ್ಲದ ಮಾದರಿ ಎಷ್ಟು ಆಳದಲ್ಲಿದ್ದರೂ ಆ ಹೆಸರಿನ ಎಲ್ಲಕ್ಕೂ ಹೊಂದುತ್ತದೆ. ಹಳೆಯ ಕರಡುಗಳು ಬೇಡವೆಂದು ‘- ಹಳೆಯ*’ ಎಂದು ಬರೆದರೆ ‘ಹಳೆಯ ಕರಡು’ ಹೋಗುವುದು ನಿಜ. ‘ಹಳೆಯ ಮೈಸೂರಿನ ಉಪಭಾಷೆಗಳು’ ಎಂಬ ಕೋಶವೂ ಅದರೊಡನೆಯೇ ಹೋಗುತ್ತದೆ. ‘ಲಾಗ್’ ಎಂಬ ಬಾಲಹೆಸರಿನ ಕಡತಗಳ ಪಾಡೂ ಇದೇ. ಅಕ್ಷರಜೋಡಣೆಯ ತಂತ್ರಾಂಶ ಹುಟ್ಟಿಸುವ ಲಾಗ್ ನಿಷ್ಪ್ರಯೋಜಕ. ಹವಾಮಾನದ ಉಪಕರಣ ಅದೇ ಬಾಲಹೆಸರಿನಲ್ಲಿ ಬರೆದಿಡುವುದು ಸಂಶೋಧನೆಯ ಮೂಲಸಾಮಗ್ರಿ. ಬಿಡುವ ನಿಯಮವನ್ನು ಆದಷ್ಟು ಒಂದು ನಿರ್ದಿಷ್ಟ ಕೋಶಕ್ಕೆ ಕಟ್ಟಿಹಾಕಬೇಕು. ಎಲ್ಲೆಡೆಯೂ ಅಲೆಯಲು ಬಿಡಬಾರದು.

೪

ಮೇಲಿನ ನಿಯಮಗಳನ್ನು ಕನ್ನಡದ ಹೆಸರುಗಳಲ್ಲಿಯೇ ಬರೆದು ತೋರಿಸಿದ್ದೇವೆ. ಹಾಗೆ ಬರೆಯಲು ಯಾವ ಅಡ್ಡಿಯೂ ಇಲ್ಲ. ಆದರೆ ಕನ್ನಡ ಹೆಸರುಗಳಿಗೆ ವಿಶಿಷ್ಟವಾದ ತೊಡಕೊಂದಿದೆ.

ಯೂನಿಕೋಡಿನಲ್ಲಿ ಓಕಾರದ ಚಿಹ್ನೆಯನ್ನು ಎರಡು ವಿಧವಾಗಿ ಬರೆಯಬಹುದು. ಇಡೀ ಚಿಹ್ನೆಗೆ ಒಂದೇ ಸಂಕೇತವುಂಟು. ಅದನ್ನೇ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಈ, ಏ, ಐ, ಒ ಇವುಗಳ ಚಿಹ್ನೆಗಳಿಗೂ ಹೀಗೆಯೇ ಬಿಡಿರೂಪಗಳುಂಟು. ಎರಡೂ ರೂಪಗಳು ಸಮಾನವೆಂದು ಯೂನಿಕೋಡ್ ಹೇಳುತ್ತದೆ, ಪರದೆಯ ಮೇಲೂ ಒಂದೇ ಬಗೆಯಾಗಿ ಕಾಣುತ್ತವೆ. ಬೈಟುಗಳು ಮಾತ್ರ ಬೇರೆ. ಆ್ಯಪಲ್ ಕಂಪ್ಯೂಟರುಗಳಲ್ಲಿ ೧೯೯೮ರಿಂದ ಬಳಕೆಯಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ೨೦೧೭ರಲ್ಲಿ ಅದರ ಸ್ಥಾನಕ್ಕೆ ಬೇರೆಯದು ಬಂತು. ಅಂತಹ ಯಂತ್ರದಿಂದ ಲಿನಕ್ಸ್ ಸರ್ವರಿಗೆ ಬಂದ ‘ಸಂಶೋಧನೆ’ ಎಂಬ ಕೋಶದ ಹೆಸರಿನಲ್ಲಿರುವ ‘ಶೋ’ ಬಿಡಿರೂಪದ್ದಾಗಿರಬಹುದು. ನಿಯಮವನ್ನು ಬರೆಯುವವನ ಕೀಲಿಮಣೆಯಿಂದ ಬರುವುದು ಇಡಿರೂಪ. ಆರ್‌ಸಿಂಕ್ ಹೋಲಿಸುವುದು ಬೈಟುಗಳನ್ನು, ರೂಪವನ್ನಲ್ಲ. ಕಣ್ಣಿಗೆ ಅಕ್ಷರಶಃ ಒಂದೇ ಆಗಿರುವ ಎರಡು ಹೆಸರುಗಳು ಅದಕ್ಕೆ ಹೊಂದುವುದಿಲ್ಲ. ಒತ್ತಕ್ಷರವಾಗದಂತೆ ತಡೆಯಲು ‘ಆರ್‌ಸಿಂಕ್’ ಎಂಬಂತಹ ಪದಗಳ ನಡುವೆ ಹಾಕುವ ಅಗೋಚರ ಸಂಕೇತವೂ ಇಂತಹದೇ ತೊಂದರೆ ಕೊಡುತ್ತದೆ. ಅದು ಇದ್ದರೂ ಇಲ್ಲದಿದ್ದರೂ ಕೆಲವು ಹೆಸರುಗಳ ತೋರಿಕೆಯಲ್ಲಿ ಭೇದವೇ ಇರುವುದಿಲ್ಲ.

ಇಲ್ಲಿ ಲೇಖನದ ಆರಂಭದಲ್ಲಿ ಹೇಳಿದ ಅಸಮಾನತೆ ಪ್ರತ್ಯಕ್ಷವಾಗುತ್ತದೆ. ಹೊಂದದೆ ಹೋದದ್ದು ಬಿಡುವ ನಿಯಮವಾದರೆ ಬೇಡದ ಕಡತ ಸೇರಿಕೊಳ್ಳುತ್ತದೆ, ಅಷ್ಟೆ. ಸೇರಿಸುವ ನಿಯಮವಾದರೆ ಸಂಶೋಧನೆಯೇ ಹೊರಗುಳಿಯುತ್ತದೆ. ಆದುದರಿಂದ ‘ಇವಿಷ್ಟನ್ನು ಸೇರಿಸು, ಉಳಿದುದನ್ನು ಬಿಡು’ ಎಂಬ ಪದ್ಧತಿಗಿಂತ ‘ಇವಿಷ್ಟನ್ನು ಬಿಡು, ಉಳಿದುದನ್ನೆಲ್ಲ ಸೇರಿಸು’ ಎಂಬುದೇ ಸರಿಯಾದ ಪದ್ಧತಿ. ನಾಳೆ ಯಾರೋ ಹೊಸ ಹೆಸರಿನ ಕೋಶವನ್ನು ತೆರೆದರೆ ಮೊದಲನೆಯ ಪದ್ಧತಿಯಲ್ಲಿ ಅದು ಅನಾಥ. ಎರಡನೆಯದರಲ್ಲಿ ಕೇಳದೆಯೇ ರಕ್ಷಿತ. ಛಾಯಾಚಿತ್ರಗಳಿಗೆಂದು ಬಾಲಹೆಸರನ್ನು ಚಿಕ್ಕಕ್ಷರಗಳಲ್ಲಿ ಬರೆದು ಸೇರಿಸುವ ನಿಯಮ ಮಾಡಿದವನಿಗೆ, ಅನೇಕ ಕ್ಯಾಮೆರಾಗಳು ಅದೇ ಬಾಲಹೆಸರನ್ನು ದೊಡ್ಡಕ್ಷರಗಳಲ್ಲಿ ಕೊಡುತ್ತವೆಂಬುದು ತಡವಾಗಿ ತಿಳಿಯುತ್ತದೆ. ನಮ್ಮ ಕ್ಷೇತ್ರಕಾರ್ಯದ ಚಿತ್ರಗಳು ಹಾಗೆ ಹೊರಗುಳಿಯಲು ಎರಡನೆಯ ಪದ್ಧತಿಯಲ್ಲಿ ಆಸ್ಪದವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಈ ವಾದವನ್ನು ತಿರುಗಿಸಬೇಕಾಗುತ್ತದೆ. ಮಾಹಿತಿ ಕೊಟ್ಟವರು ತಮ್ಮ ಮಾತಿನ ಒಂದು ಭಾಗವನ್ನು ಅಳಿಸಬೇಕೆಂದು ಕೇಳಿಕೊಂಡಿರುವುದುಂಟು. ರೋಗ, ಜಗಳ, ಮನೆತನದ ಗುಟ್ಟುಗಳನ್ನು ಮುದ್ರಣಯಂತ್ರದ ಮುಂದೆ ಹೇಳಿ ಆಮೇಲೆ ಬೇಡವೆಂದಿರುವುದುಂಟು. ಮೂಲವನ್ನು ಅಳಿಸಿ ಪ್ರತಿಗಳನ್ನು ಹಾಗೆಯೇ ಬಿಟ್ಟರೆ ಕೊಟ್ಟ ಮಾತನ್ನು ನಡೆಸಿದಂತಾಗುವುದಿಲ್ಲ. ಇಂತಹ ಸಾಮಗ್ರಿಗೆ ಮೊದಲಿನಿಂದಲೇ ಪ್ರತ್ಯೇಕ ಕೋಶ, ಪ್ರತ್ಯೇಕ ಪಟ್ಟಿ, ಪ್ರತ್ಯೇಕ ಪ್ರತಿ ಇರಬೇಕು.

೫

ಪಟ್ಟಿಯಲ್ಲಿ ಬರೆಯದೆಯೇ ಬಿಟ್ಟುಹೋಗುವ ವಸ್ತುಗಳೂ ಇವೆ. ‘ಒಂದೇ ಕಡತವ್ಯವಸ್ಥೆಯೊಳಗಿರು’ ಎಂಬ ಆಯ್ಕೆಯನ್ನು ಒತ್ತಿದರೆ, ಮನೆಕೋಶದೊಳಗೆ ಜೋಡಿಸಿದ ಎರಡನೆಯ ಡಿಸ್ಕಿನ ಸ್ಥಾನದಲ್ಲಿ ಬರಿಯ ಖಾಲಿ ಕೋಶ ಮಾತ್ರ ಪ್ರತಿಯಾಗುತ್ತದೆ. ಬೇರೆಡೆಯಿರುವ ಕಡತವನ್ನು ಬೆರಳು ಮಾಡಿ ತೋರಿಸುವ ಕೊಂಡಿಗಳನ್ನು ಸಾಧಾರಣವಾಗಿ ಕೊಂಡಿಗಳಾಗಿಯೇ ಪ್ರತಿ ಮಾಡಲಾಗುತ್ತದೆ. ಬೆರಳು ಬಂತು, ತೋರಿಸಿದ ವಸ್ತು ಬರಲಿಲ್ಲ. ದೂರದ ಸರ್ವರಿನಲ್ಲಿ ಒಳವಸ್ತುವನ್ನಿಟ್ಟು ಯಂತ್ರದಲ್ಲಿ ಹೆಸರನ್ನು ಮಾತ್ರ ತೋರಿಸುವ ಸೇವೆಗಳಲ್ಲಿಯೂ ಹೀಗಾಗಬಹುದು.

ಡೇಟಾಬೇಸುಗಳ ಸಂಗತಿ ಇನ್ನೂ ಸೂಕ್ಷ್ಮ. ಚಾಲನೆಯಲ್ಲಿರುವ ಡೇಟಾಬೇಸಿನ ಕಡತಗಳನ್ನು ಹಾಗೆಯೇ ಪ್ರತಿ ಮಾಡಿದರೆ ಒಂದು ಕಡತ ಹತ್ತು ಗಂಟೆಯ ಸ್ಥಿತಿಯನ್ನೂ ಇನ್ನೊಂದು ಹತ್ತೂಕಾಲರ ಸ್ಥಿತಿಯನ್ನೂ ತೋರಿಸಿ ಒಟ್ಟಿನಲ್ಲಿ ಯಾವುದಕ್ಕೂ ಬಾರದಂತಾಗುತ್ತದೆ. ಆದುದರಿಂದ ಆ ಕಡತಗಳನ್ನು ಬಿಟ್ಟು, ಡೇಟಾಬೇಸ್ ತಾನೇ ಬರೆದುಕೊಡುವ ನಿಷ್ಕರ್ಷಿತ ಪ್ರತಿಯನ್ನು ಸೇರಿಸುವುದು ಪದ್ಧತಿ. ಆದರೆ ಇದನ್ನು ಬಿಟ್ಟದ್ದು ಅದಿದೆಯೆಂಬ ಭರವಸೆಯಿಂದ. ಅದು ನಿಜವಾಗಿ ಇದೆಯೇ ಎಂದು ನೋಡದಿದ್ದರೆ ಆಗುವ ಪರಿಣಾಮ ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಕಾಣಿಸಿಕೊಂಡಿತು. ನಿರ್ವಾಹಕರೊಬ್ಬರು ತಪ್ಪಾಗಿ ಮುಖ್ಯ ಸರ್ವರಿನ ಡೇಟಾಬೇಸ್ ಕೋಶವನ್ನೇ ಅಳಿಸಿದರು. ನಿಷ್ಕರ್ಷಿತ ಪ್ರತಿಗಳನ್ನು ಹುಡುಕಿದಾಗ ಅವುಗಳ ಸ್ಥಳ ಬರಿದಾಗಿತ್ತು. ಪ್ರತಿ ಬರೆಯುವ ಸಾಧನ ೯.೨ನೆಯ ಆವೃತ್ತಿಯದು, ಡೇಟಾಬೇಸ್ ೯.೬ನೆಯದು, ಹೊಂದಿಕೆಯಾಗದೆ ಪ್ರತಿಬಾರಿಯೂ ಕೆಲಸ ಕೆಟ್ಟಿತ್ತು, ಕೆಟ್ಟಿತೆಂದು ತಿಳಿಸುವ ಮಿಂಚಂಚೆಗಳನ್ನೂ ಅಂಚೆಯ ವ್ಯವಸ್ಥೆ ತಿರಸ್ಕರಿಸಿತ್ತು. ಬೇರೆ ಕಾರಣಕ್ಕಾಗಿ ಆರು ಗಂಟೆಗಳ ಮೊದಲು ತೆಗೆದಿದ್ದ ಪ್ರತಿಯೊಂದು ಇದ್ದುದರಿಂದ ನಷ್ಟ ಅಷ್ಟಕ್ಕೇ ನಿಂತಿತು. ಸಂಸ್ಥೆ ಈ ಎಲ್ಲ ವಿವರವನ್ನೂ ತಾನೇ ಪ್ರಕಟಿಸಿದ್ದು ಮೆಚ್ಚತಕ್ಕ ಸಂಗತಿ.

ಹಳೆಯ ಪ್ರತಿಗಳನ್ನು ಕಳಚಿಹಾಕುವ ವ್ಯವಸ್ಥೆಯೂ ಆಯ್ಕೆಯ ಇನ್ನೊಂದು ಮುಖವೇ. ಒಂದು ವರ್ಷದ ಪ್ರತಿಗಳನ್ನು ಮಾತ್ರ ಇಟ್ಟುಕೊಳ್ಳುವ ವಿಭಾಗದಲ್ಲಿ ಇಂದು ತಪ್ಪು ನಿಯಮವೊಂದು ಸೇರಿದರೆ, ಹಿಂದಿನ ಪ್ರತಿಗಳಲ್ಲಿ ಆ ಕಡತ ಇನ್ನೂ ಹನ್ನೆರಡು ತಿಂಗಳು ಸಿಗುತ್ತಿರುತ್ತದೆ. ಹದಿಮೂರನೆಯ ತಿಂಗಳಲ್ಲಿ ಎಲ್ಲಿಯೂ ಇರುವುದಿಲ್ಲ. ಆರ್‌ಸಿಂಕಿನಲ್ಲಿ ಇದಕ್ಕಿಂತ ಶೀಘ್ರವಾದ ಮಾರ್ಗವಿದೆ. ಮೂಲದಲ್ಲಿ ಅಳಿದುದನ್ನು ಪ್ರತಿಯಲ್ಲಿಯೂ ಅಳಿಸು ಎಂಬ ಸಾಧಾರಣ ಆಜ್ಞೆ, ಬಿಡುವ ನಿಯಮಕ್ಕೆ ಹೊಂದಿದ ಕಡತಗಳನ್ನು ಪ್ರತಿಯ ಕಡೆಯಲ್ಲಿ ಮುಟ್ಟುವುದಿಲ್ಲ. ಆದರೆ ‘ಬಿಟ್ಟವನ್ನೂ ಅಳಿಸು’ ಎಂಬ ಬೇರೆ ಆಜ್ಞೆಯುಂಟು. ಅದು ಜಾರಿಯಲ್ಲಿದ್ದಾಗ ಹೊಸದಾಗಿ ಬಿಡುವ ನಿಯಮವೊಂದನ್ನು ಸೇರಿಸಿದರೆ ಅದೇ ರಾತ್ರಿ ಹಳೆಯ ಪ್ರತಿಯೂ ಮಾಯವಾಗುತ್ತದೆ.

ಅಳಿಸುವ ಕೆಲಸಕ್ಕೂ ಆಯ್ಕೆಯ ನಿಯಮವೇ ಆಧಾರವೆಂಬುದಕ್ಕೆ ಕ್ಯೋಟೊ ವಿಶ್ವವಿದ್ಯಾನಿಲಯದ ಪ್ರಸಂಗ ದಾರುಣವಾದ ಸಾಕ್ಷಿ. ಅಲ್ಲಿನ ಮಹಾಗಣಕದ ಬ್ಯಾಕಪ್ ಆಜ್ಞಾವಳಿಯಲ್ಲಿ ಹತ್ತು ದಿನಕ್ಕಿಂತ ಹಳೆಯದಾದ ದಿನಚರಿ ಕಡತಗಳನ್ನು ಆಯ್ದು ಅಳಿಸುವ ಭಾಗವಿತ್ತು. ೨೦೨೧ರ ಡಿಸೆಂಬರಿನಲ್ಲಿ, ಆಜ್ಞಾವಳಿ ಇನ್ನೂ ನಡೆಯುತ್ತಿರುವಾಗಲೇ, ತಿದ್ದಿದ ಹೊಸ ರೂಪವನ್ನು ಅದರ ಮೇಲೆ ಬರೆಯಲಾಯಿತು. ಅರ್ಧ ಹಳೆಯದು, ಅರ್ಧ ಹೊಸದು ಆದ ಆಜ್ಞಾವಳಿಯಲ್ಲಿ ಕೋಶದ ಹೆಸರಿರಬೇಕಾದ ಸ್ಥಾನ ಶೂನ್ಯವಾಯಿತು. ಅಳಿಸುವ ಕೈ ದಿನಚರಿಗಳನ್ನು ಬಿಟ್ಟು ಸಂಶೋಧಕರ ಸಂಗ್ರಹಕ್ಕೇ ಇಳಿಯಿತು. ೧೪ರಿಂದ ೧೬ರವರೆಗೆ ಸುಮಾರು ೭೭ ಟೆರಾಬೈಟು, ಸುಮಾರು ೩ ಕೋಟಿ ೪೦ ಲಕ್ಷ ಕಡತಗಳು ನಾಶವಾದವು. ೧೪ ಸಂಶೋಧಕ ತಂಡಗಳಿಗೆ ಹಾನಿ ತಟ್ಟಿತು. ಅವುಗಳಲ್ಲಿ ೪ ತಂಡಗಳ ಸಾಮಗ್ರಿಯನ್ನು ಮರಳಿ ಪಡೆಯಲು ಸಾಧ್ಯವಿರಲಿಲ್ಲ.

೬

ಪರೀಕ್ಷೆಯ ಕ್ರಮವನ್ನು ಹೇಳುವುದು ಉಳಿದಿದೆ. ಆರ್‌ಸಿಂಕ್ ಮತ್ತು ಅನೇಕ ಸಾಧನಗಳಲ್ಲಿ, ಏನನ್ನೂ ಪ್ರತಿ ಮಾಡದೆ ಏನು ಮಾಡುತ್ತಿದ್ದೆನೆಂಬುದನ್ನು ಮಾತ್ರ ಪಟ್ಟಿಮಾಡಿ ತೋರಿಸುವ ಒಂದು ಬಗೆಯ ತಾಲೀಮು ಚಾಲನೆಯುಂಟು. ಹೊಸ ನಿಯಮವನ್ನು ಬರೆದಾಗ ಹಳೆಯ ಪಟ್ಟಿಯಿಂದ ಒಮ್ಮೆ, ಹೊಸದರಿಂದ ಒಮ್ಮೆ ತಾಲೀಮು ನಡೆಸಿ ಎರಡರ ವ್ಯತ್ಯಾಸವನ್ನು ನೋಡಿದರೆ, ಒಂದು ಸಾಲಿನ ನಿಯಮದಿಂದ ಯಾವ ಯಾವ ಕಡತಗಳು ಹೊರಬಿದ್ದವೆಂಬುದು ಕಣ್ಣೆದುರಿಗೆ ಬರುತ್ತದೆ. ‘ಹಳೆಯ ಮೈಸೂರು’ ಅಲ್ಲಿಯೇ ಸಿಕ್ಕಿಬೀಳುತ್ತದೆ. ಮುಖ್ಯ ಕೋಶಗಳಲ್ಲಿ ಒಂದೊಂದು ಸಾಕ್ಷಿಕಡತವನ್ನಿಟ್ಟು, ಅದು ಹಿಂದಿನ ರಾತ್ರಿಯ ಪ್ರತಿಯಲ್ಲಿದೆಯೇ ಎಂದು ಪ್ರತಿದಿನ ಯಂತ್ರದಿಂದಲೇ ನೋಡಿಸಬಹುದು.

ನಿಯಮಗಳ ಪಟ್ಟಿಯಲ್ಲಿ ಟಿಪ್ಪಣಿಗೆ ಅವಕಾಶವಿದೆ. ಅದನ್ನು ಯಾರೂ ಬಳಸುವುದಿಲ್ಲ. ಒಂದೊಂದು ಬಿಡುವ ನಿಯಮದ ಮೇಲೂ ಬರೆದವರಾರು, ಎಂದು, ಬಿಟ್ಟುದನ್ನು ಯಾವುದರಿಂದ ಮತ್ತೆ ಮಾಡಬಹುದು ಎಂಬ ಮೂರು ವಿವರಗಳಿರಬೇಕು. ಮೂರನೆಯದನ್ನು ಬರೆಯಲು ತೋಚದಿದ್ದರೆ ಆ ನಿಯಮವನ್ನು ತೆಗೆದುಹಾಕಬೇಕು. ಪಟ್ಟಿಯೂ ಒಂದು ಕಡತವೇ ಆದ್ದರಿಂದ ಅದು ಬ್ಯಾಕಪ್ಪಿನಲ್ಲಿ ಸೇರಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಮೂರು ತಿಂಗಳಿಗೊಮ್ಮೆಯಾದರೂ ಕೆಲವು ಕಡತಗಳನ್ನು ಪ್ರತಿಯಿಂದ ಮರಳಿ ಪಡೆದು ನೋಡಬೇಕು. ಆ ಕಡತಗಳನ್ನು ಆರಿಸುವವನು ನಿಯಮಗಳನ್ನು ಬರೆದವನಾಗಿರಬಾರದು. ತಾನು ಮರೆತ ಕೋಶ ಅವನಿಗೆ ಆಗಲೂ ನೆನಪಾಗುವುದಿಲ್ಲ. ಕ್ಷೇತ್ರಕಾರ್ಯಕ್ಕೆ ಹೋಗಿಬಂದವರೇ ತಮ್ಮ ನೆನಪಿನಿಂದ ಹೆಸರಿಸಲಿ. ಮರಳಿ ಬಂದ ಕಡತವನ್ನು ಬೇರೊಂದು ಯಂತ್ರದಲ್ಲಿ ತೆರೆದು, ಧ್ವನಿಯಾದರೆ ಕೇಳಿ, ಬರಹವಾದರೆ ಓದಿ ನೋಡಬೇಕು. ಹೆಸರೂ ಗಾತ್ರವೂ ಸರಿಯಿದ್ದ ಮಾತ್ರಕ್ಕೆ ಒಪ್ಪಬಾರದು. ಪ್ರತಿಗಳು ಗೂಢಲಿಪಿಯಲ್ಲಿದ್ದರೆ ಅದನ್ನು ತೆರೆಯುವ ಗುಪ್ತಪದ ಆ ಪ್ರತಿಯ ಒಳಗೆ ಮಾತ್ರ ಇರುವಂತಾಗಬಾರದು. ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಮುಚ್ಚಿ, ವಿಭಾಗದ ಬೀರುವಿನಲ್ಲಿಟ್ಟು, ಮುಖ್ಯಸ್ಥರು ಬದಲಾದಾಗ ಅಧಿಕಾರದೊಡನೆ ಅದನ್ನೂ ವಹಿಸಿಕೊಡುವ ಏರ್ಪಾಡು ಸಾಕು.